ನಾಲಗೆಯಡಿಯ ಲವಂಗ

ನನ್ನ ಗಂಡ ನನಗೆ ಸೋದರಮಾವ. ನಮ್ಮ ತಾಯಿಯ ಕಡೇ ತಮ್ಮ. ನಮ್ಮ ಕಡೆ ಇದೇನು ದೊಡ್ಡ ಸಂಗತಿಯಲ್ಲ, ಅಕ್ಕನ ಮಗಳನ್ನು ಬೇರೆ ಮನೆಗೆ ಯಾಕೆ ಕೊಡಬೇಕು ಅನ್ನುವ ಜನ ನಾವು. ಚಿಕ್ಕವಳಿದ್ದಾಗ ಅವನ ಬೆನ್ನೇರಿ ಬೇತಮಂಗಲದ ಕೆರೆ ಏರಿಯ ಮೇಲೆ ಸುತ್ತಿದವಳು ನಾನು. ‘ಮಾವ, ನೀನು’ ಅಂತಲೇ ಕರೆದು ರೂಢಿ. ಮದುವೆಯಾದ ಮೇಲೆ ‘ರೀ’ ಅನ್ನು ಅಂತ ಅತ್ತೆ ಎಷ್ಟು ಹೇಳಿದರೂ ನಾಲಗೆ ತಿರುಗಲಿಲ್ಲ. ಆ ಅತ್ತೆಯೂ ನನಗೆ ಅಜ್ಜಿಯೇ ತಾನೆ, ಬೈದು ಸುಮ್ಮನಾದಳು. ಹಾಗಾಗಿ ಇಲ್ಲೂ ಅವನು ಅಂತಲೇ ಬರೆಯುತ್ತೇನೆ. ಮರ್ಯಾದೆ ಕಮ್ಮಿಯಾಯಿತು ಅನ್ನುವವರು ಅನ್ನಲಿ.

ಮೂರನೇ ಕ್ಲಾಸಿಗೆ ಬಿಟ್ಟ ಓದು ನನ್ನದು. ಬರೆಯುವುದಕ್ಕೆ ಬರುತ್ತದೆ, ಚೆಂದ ಮಾಡಿ ಬರೆಯುವುದಕ್ಕೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಕಣ್ಣು ಹೋಗಿದ್ದು, ಒಂದು ಕಣ್ಣು ಉಳಿದದ್ದು ಹೇಗೆ ಅಂತ ಬರೆಯಬೇಕು ಅನ್ನಿಸಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಾವ ಗಣಿಯಲ್ಲಿ ಒಳಗಿನ ಕೆಲಸದವನು. ಊರಿಗಾಂನಲ್ಲಿ ಲೈನ್ ಮನೆ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಆ ಕಡೆ ತಮಿಳಿನವರು, ಈ ಕಡೆ ತೆಲುಗಿನವರು, ನಡುವೆ ನಾವು. ಎಪ್ಪತ್ತರ ಸುಮಾರಿಗೆ ನಾನು ಅಲ್ಲಿಗೆ ಬಂದಾಗ ಅವನಿಗೆ ಆಗಲೇ ಕೆಮ್ಮು ಇತ್ತು. ಬಂಡೆ ಕೊರೆಯುವ ಜಾಗದಲ್ಲಿ ಧೂಳು. ಆ ಧೂಳು ಎದೆಯಲ್ಲಿ ಕೂತರೆ ಏಳುವುದಿಲ್ಲ. ಲೈನಿನಲ್ಲಿ ಮನೆಗೊಬ್ಬರಾದರೂ ಹಾಗೆ ಕೆಮ್ಮುವವರಿದ್ದರು. ಹೊರಗೆ ಕಲ್ಲಿನ ಮೇಲೆ ಕೂತು ಕೆಮ್ಮುವುದು ಕೇಳಿದರೆ ಯಾರು ಕೆಮ್ಮುತ್ತಿದ್ದಾರೆ ಅಂತ ಒಳಗಿನಿಂದಲೇ ಹೇಳಬಹುದಿತ್ತು.

ವರ್ಷಕ್ಕೊಮ್ಮೆ ಒಳಗಿನ ಕೆಲಸದವರಿಗೆ ಮೆಡಿಕಲ್ ಮಾಡುತ್ತಿದ್ದರು. ಎದೆ ಕೆಟ್ಟವರನ್ನು ಮೇಲಿನ ಕೆಲಸಕ್ಕೆ ಹಾಕುವುದು, ಇಲ್ಲ ಮನೆಗೆ ಕಳಿಸುವುದು. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದರು ಅಂತ ಈಗ ಗೊತ್ತಾಗುತ್ತದೆ. ಆಗ ಯಾರಿಗೆ ಬೇಕಿತ್ತು ಆ ಒಳ್ಳೆಯದು? ಒಳಗೆ ಇಳಿಯುವವನು ಗಂಡಸು, ಮೇಲೆ ಕೂತು ದೀಪ ಒರೆಸುವವನು ಮುದುಕ ಅನ್ನುತ್ತಿದ್ದರು. ಅದಕ್ಕೆ ಮಾವ ಒಂದು ಉಪಾಯ ಇಟ್ಟುಕೊಂಡಿದ್ದ. ಮೆಡಿಕಲ್ ದಿನ ನಾಲಗೆಯ ಕೆಳಗೆ ಒಂದು ಲವಂಗ. ಕೆಮ್ಮು ಬಂದರೆ ಅದನ್ನು ಕಚ್ಚುವುದು. ಖಾರ ಗಂಟಲಿಗೆ ಇಳಿದು ಕೆಮ್ಮು ಅಲ್ಲೇ ನಿಲ್ಲುತ್ತಿತ್ತು. ಎದೆಯ ಫೋಟೋ ತೆಗೆಯುವ ಸರದಿ ಬಂತು ಅಂದರೆ ಮಾತ್ರ ಲವಂಗ ನಡೆಯುವುದಿಲ್ಲ. ಆವತ್ತು ಬೇತಮಂಗಲದಲ್ಲಿ ಯಾರಿಗೋ ಹುಷಾರಿಲ್ಲ ಅಂತ ಬಸ್ಸು ಹತ್ತುತ್ತಿದ್ದ. ನಮ್ಮಜ್ಜಿಯನ್ನು ಹಾಗೆ ನಾಲ್ಕೈದು ಸಲ ಸಾಯಿಸಿದ್ದಾನೆ.

ಇದರಲ್ಲಿ ನನ್ನ ಪಾಲೂ ಇದೆ. ಅವನ ಟವೆಲಿನ ತುದಿಯಲ್ಲಿ ಲವಂಗ ಗಂಟು ಹಾಕಿ ಕಳಿಸುತ್ತಿದ್ದವಳು ನಾನೇ. ಯಾರಾದರೂ ಸೂಪರ್‌ವೈಸರ್ ಮನೆಯವರು ‘ನಿಮ್ಮ ಯಜಮಾನ್ರಿಗೆ ಕೆಮ್ಮಾ?’ ಅಂದರೆ, ‘ಬೀಡಿ ಕಣಮ್ಮ, ಬಿಡು ಅಂದ್ರೆ ಬಿಡಲ್ಲ’ ಅನ್ನುತ್ತಿದ್ದೆ. ಅವನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ.

ವಯಸ್ಸಾಗಿ ರಿಟೈರಾದ ಮೇಲೆ ಲೈನಿನ ಹಿಂದೆಯೇ ಒಂದು ಶೀಟಿನ ಮನೆ ಹಿಡಿದೆವು. ಎರಡು ಹಸು ಕಟ್ಟಿದೆ. ಮಗಳನ್ನು ಬಂಗಾರಪೇಟೆಗೆ ಕೊಟ್ಟಿದ್ದೆವು. ಹಾಲು ಲೈನಿನಲ್ಲೇ ಹೋಗುತ್ತಿತ್ತು. ಮಾವ ಹಸು ಹೊಡೆದುಕೊಂಡು ಸೈನೈಡ್ ದಿಬ್ಬದ ಕಡೆ ಹೋಗಿ ಬರುತ್ತಿದ್ದ. ಗಣಿಯಿಂದ ಬಂದ ಮಣ್ಣು ಗುಡ್ಡದ ಹಾಗೆ ಬಿದ್ದಿರುತ್ತದೆ ಅಲ್ಲಿ, ಬುಡದಲ್ಲಿ ಅಷ್ಟಿಷ್ಟು ಹುಲ್ಲು.

ಆಗಲೇ ಶುರುವಾಗಿದ್ದು. ಬಾಗಿಲ ಕಂಬಕ್ಕೆ ಎಡಭುಜ ತಾಗಿಸಿಕೊಂಡು ಬರುವುದು. ಎಡಗಡೆ ಇಟ್ಟ ನೀರಿನ ಚೊಂಬು ಒದೆಯುವುದು. ಒಂದು ದಿನ ತಟ್ಟೆಯಲ್ಲಿ ಬಲಗಡೆಯ ಮುದ್ದೆ ಮುರಿದು ತಿಂದು, ಎಡಗಡೆಯ ಪಲ್ಯ ಹಾಗೇ ಬಿಟ್ಟು, "ಬರೀ ಮುದ್ದೆ ಇಕ್ಕಿದ್ದೀಯಲ್ಲೇ, ಪಲ್ಯ ಎಲ್ಲೇ?" ಅಂದ.

"ತಟ್ಟೆನಾಗೇ ಅದಲ್ಲ, ಕಣ್ಣು ಕಾಣಾಕಿಲ್ವಾ?" ಅಂದೆ.

"ಕಾಣ್ತದೆ ಕಣೇ. ಮುಂದಕ್ಕೆ ಇರೋದು ಕಾಣ್ತದೆ. ಪಕ್ಕಕ್ಕೆ ಇರೋದು ತಿರುಗಿ ನೋಡಿದ್ರೆ ಕಾಣ್ತದೆ."

"ಅಂಗೇನಾ ಎಲ್ರಿಗೂ?"

"ಇನ್ನೆಂಗೆ?" ಅಂದ.

ಇದನ್ನು ನಂಬುವವರಿಲ್ಲ, ಆದರೆ ನಿಜ. ಮೂವತ್ತು ವರ್ಷ ಅವನು ತಲೆಯ ಮೇಲಿನ ಟೋಪಿ ದೀಪದ ಬೆಳಕಿನಲ್ಲಿ ನೋಡಿದವನು. ಒಳಗೆ ಕತ್ತಲೆ, ದೀಪ ಬಿದ್ದಷ್ಟು ಗುಂಡನೆಯ ಜಾಗ ಮಾತ್ರ ಬೆಳಕು, ಪಕ್ಕದ್ದು ನೋಡಬೇಕಾದರೆ ತಲೆ ತಿರುಗಿಸಬೇಕು. ಕಣ್ಣು ಅಂಚಿನಿಂದ ಒಳಗೆ ಸವೆದುಕೊಂಡು ಬಂದರೂ ಅವನಿಗೆ ಹೊಸದು ಅನ್ನಿಸಲಿಲ್ಲ. ಬೇರೆಯವನಾಗಿದ್ದರೆ ಎರಡು ವರ್ಷ ಮುಂಚೆ ಗಾಬರಿಯಾಗುತ್ತಿದ್ದ.

ಒಂದು ಸೈಕಲ್ಲಿನವನು ಎಡಗಡೆಯಿಂದ ಬಂದು ಗುದ್ದಿದ ಮೇಲೆ ಬಂಗಾರಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಗದರಿಸದೆ, ಹಲ್ಲು ಕಿರಿಯದೆ ಮಾತಾಡುವವಳು. ಕಣ್ಣಿಗೆ ಏನೋ ಬಿಟ್ಟು ಮರಗಟ್ಟಿಸಿ, ಮಿಷನ್ನಿಗೆ ಗದ್ದ ಇಡಿಸಿ ನೋಡಿದಳು.

"ಯಜಮಾನ್ರೇ, ಇದು ಗ್ಲಾಕೋಮಾ. ಕಣ್ಣಿನ ಒಳಗಡೆ ಪ್ರೆಷರ್ ಜಾಸ್ತಿಯಾಗಿ ನರ ಹಾಳಾಗಿದೆ. ಎಡಗಣ್ಣು ಹೆಚ್ಚುಕಮ್ಮಿ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ."

"ಪೊರೆ ತೆಗೀತಾರಲ್ಲ, ಅಂಗೆ ತೆಗೆದ್ರೆ?" ಅಂದೆ.

"ಪೊರೆ ಬೇರೆ ಅಮ್ಮ, ಇದು ಬೇರೆ. ಬಲಗಣ್ಣು ಅರ್ಧ ಚೆನ್ನಾಗಿದೆ. ಅದನ್ನ ಉಳಿಸ್ಕೋಬೇಕು. ಮದ್ದು ಬಿಡದೆ ಹಾಕಬೇಕು, ಕಣ್ಣು ಚೆನ್ನಾಗಿ ಕಾಣ್ತಿದೆ ಅಂದ್ರೂ ಹಾಕಬೇಕು."

"ಎಷ್ಟು ದಿನ?"

"ಇರೋತನಕ."

ಮಾವ ಅಷ್ಟೂ ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದ. ಬಿಳಿ ಕೋಟು ಕಂಡ ಕೂಡಲೇ ಲವಂಗ ನಾಲಗೆ ಕೆಳಗೆ ಹೋಗಿತ್ತು. ಕಣ್ಣು ತೋರಿಸುವುದಕ್ಕೆ ಎದೆ ಯಾಕೆ ಮುಚ್ಚಿಡಬೇಕು? ಕೇಳಿದರೆ, "ಡಾಕ್ಟ್ರು ಅಂದ್ರೆ ಡಾಕ್ಟ್ರೇ" ಅಂದ.

ಮೊದಲು ಕೊಟ್ಟದ್ದು ಒಂದೇ ಮದ್ದಿನ ಬಾಟಲಿ, ದಿನಕ್ಕೆ ಮೂರು ತೊಟ್ಟು. ಹಾಕುವುದು ನನ್ನ ಕೆಲಸ. ಹೊತ್ತು ಹೇಗೆ ಅನ್ನುವುದು ನನಗೆ ಕಷ್ಟವೇ ಆಗಲಿಲ್ಲ. ಗಣಿಯ ಸೈರನ್ನಿಗೆ ನಾವು ಸಂಗು ಅನ್ನುತ್ತೇವೆ. ಶಿಫ್ಟು ಬದಲಾಗುವಾಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ಕೂಗುತ್ತಿತ್ತು. ಲೈನಿನಲ್ಲಿ ಒಲೆ ಹಚ್ಚುವುದು, ಮಕ್ಕಳನ್ನು ಎಬ್ಬಿಸುವುದು, ಮಲಗುವುದು ಎಲ್ಲಾ ಸಂಗಿನ ಮೇಲೆ. ಮನೆಯಲ್ಲಿ ಗಡಿಯಾರ ಇದ್ದರೂ ನೋಡುತ್ತಿರಲಿಲ್ಲ. ಸಂಗು ಕೂಗಿತು ಅಂದರೆ ಮಾವ ಗೋಡೆಯ ಗೂಡಿನ ಕೆಳಗೆ ಕೂತು ಮುಖ ಮೇಲೆತ್ತುತ್ತಿದ್ದ, ನಾನು ಗೂಡಿನಿಂದ ಬಾಟಲಿ ತೆಗೆದು ಬಿಡುತ್ತಿದ್ದೆ.

ಆ ಮದ್ದು ಕಣ್ಣಿಗೆ ಬಿಟ್ಟರೆ ಹುಬ್ಬು ನೋಯುತ್ತದೆ ಅನ್ನುತ್ತಿದ್ದ. ಎಲ್ಲಾ ಮಬ್ಬಾಗುತ್ತದೆ, ಮೋಡ ಮುಚ್ಚಿದ ಹಾಗೆ ಅನ್ನುತ್ತಿದ್ದ. ಡಾಕ್ಟರಮ್ಮ ಹೇಳಿದ್ದಳು, ಈ ಮದ್ದಿಗೆ ಪಾಪೆ ಚಿಕ್ಕದಾಗುತ್ತೆ, ಅದಕ್ಕೆ ಮಬ್ಬು, ಹೆದರಬೇಡಿ ಅಂತ. ಅವನಿಗೆ ಅದು ತಲೆಗೆ ಹೋಗಲಿಲ್ಲ. ಕಣ್ಣಿಗೆ ಮದ್ದು ಅಂತ ಹಾಕಿ ಕಣ್ಣು ಮಬ್ಬು ಮಾಡ್ತೀರಲ್ಲ ಅಂತ ನನ್ನನ್ನೇ ಬೈಯುತ್ತಿದ್ದ, ನಾನೇ ಅದನ್ನು ಅರೆದು ಮಾಡಿದ ಹಾಗೆ.

ಕೆಲವು ತಿಂಗಳಾದ ಮೇಲೆ ಮತ್ತೆ ತೋರಿಸಿದಾಗ ಪ್ರೆಷರ್ ಸಾಕಷ್ಟು ಇಳಿದಿರಲಿಲ್ಲ. ಡಾಕ್ಟರಮ್ಮ ಬೇರೆ ಬಾಟಲಿ ಬರೆದಳು.

"ಇದರಲ್ಲಿ ಎರಡು ಮದ್ದು ಸೇರಿದೆ ಅಮ್ಮ. ಮೊದಲಿನದು ಇದರೊಳಗೇ ಇದೆ, ಜೊತೆಗೆ ಇನ್ನೊಂದು. ಹಳೇ ಬಾಟಲಿ ನಿಲ್ಲಿಸಿಬಿಡಿ. ಇದು ಜೋರು ಮದ್ದು. ಬೆಳಿಗ್ಗೆ ಒಂದು ತೊಟ್ಟು, ಸಾಯಂಕಾಲ ಒಂದು ತೊಟ್ಟು. ಎರಡೇ ಸಲ. ತಿಳೀತಾ?"

"ಊಂ."

ಆಮೇಲೆ ಪೆನ್ನು ಕೆಳಗಿಟ್ಟು ಮಾವನನ್ನು ನೋಡಿ ಕೇಳಿದಳು. "ಯಜಮಾನ್ರೇ, ನಿಮಗೆ ದಮ್ಮು, ಉಬ್ಬಸ ಏನಾದ್ರೂ ಇದೆಯಾ? ಎದೆ ಕೆಮ್ಮು? ಹಾರ್ಟಿನ ತೊಂದರೆ?"

ಮಾವ ಲವಂಗ ಕಚ್ಚಿದ್ದು ನನಗೆ ಕೇಳಿಸಿತು.

"ಇಲ್ಲ" ಅಂದ.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ಅಮ್ಮ?"

ನಾನೂ ಇಲ್ಲ ಅಂತ ತಲೆ ಆಡಿಸಿದೆ. ಯಾಕೆ ಅಂತ ಬಹಳ ಸಲ ಕೇಳಿಕೊಂಡಿದ್ದೇನೆ. ಇಪ್ಪತ್ತು ವರ್ಷ ಆ ಪ್ರಶ್ನೆಗೆ ಅದೇ ಉತ್ತರ ಕೊಟ್ಟಿದ್ದೆ, ತಲೆ ತಾನಾಗಿ ಆಡಿತು. ಕಣ್ಣಿಗೂ ಎದೆಗೂ ಏನು ಸಂಬಂಧ ಅಂತಲೂ ಅನ್ನಿಸಿತ್ತು. ಅವಳು ಕೇಳಿದ್ದಳು, ಇಬ್ಬರನ್ನೂ ಕೇಳಿದ್ದಳು. ಸುಳ್ಳು ಹೇಳಿದವರು ನಾವು. ಅವಳ ಮೇಲೆ ಯಾವ ತಪ್ಪೂ ಇಲ್ಲ.

ಎರಡನೇ ತಪ್ಪು ಪೂರಾ ನನ್ನದೇ. ಬೆಳಿಗ್ಗೆ ಸಂಗು ಇದೆ, ಸಾಯಂಕಾಲಕ್ಕೆ ಸಂಗು ಇಲ್ಲ. ಸಾಯಂಕಾಲದ ಬದಲು ರಾತ್ರಿ ಸಂಗಿಗೆ ಹಾಕಿದರಾಯಿತು ಅಂದುಕೊಂಡೆ. ಆದರೆ ಮಧ್ಯಾಹ್ನ ಸಂಗು ಕೂಗಿದರೆ ಅವನ ಮುಖ ಮೇಲೇಳುತ್ತಿತ್ತು, ನನ್ನ ಕೈ ಗೂಡಿಗೆ ಹೋಗುತ್ತಿತ್ತು. ಎರಡು ದಿನ ಕೈ ತಡೆದೆ. ಮೂರನೇ ದಿನ, ಒಳ್ಳೇ ಮದ್ದು ಒಂದು ತೊಟ್ಟು ಹೆಚ್ಚಾದರೆ ಏನು, ಕಣ್ಣಿಗೆ ಒಳ್ಳೆಯದೇ ಅಂತ ಬಿಟ್ಟೆ. ಮೂರು ಸಂಗಿಗೆ ಮೂರು ತೊಟ್ಟು. ಮೂರಕ್ಕೆ ಒಗ್ಗಿದ ಕೈ ಎರಡಕ್ಕೆ ಬರಲಿಲ್ಲ.

ಸ್ವಲ್ಪ ದಿನ ಕಳೆಯಿತು. ಮಾವನ ಕೆಮ್ಮು ಏರಿತು. ಬರೀ ಕೆಮ್ಮಲ್ಲ, ಉಸಿರು ಬಿಡುವಾಗ ಕುಯ್ ಅನ್ನುವ ಸದ್ದು. ಹಸು ಹೊಡೆದುಕೊಂಡು ಹೋದವನು ಅರ್ಧ ದಾರಿಗೆ ಕೂತುಬಿಡುತ್ತಿದ್ದ, ಹಸುಗಳು ತಾವೇ ಹೋಗಿ ಮೇದು ತಾವೇ ಬರುತ್ತಿದ್ದವು. "ಗಂಟ್ಲಾಗೆ ಕಹಿ ಕಹಿ ಅಂತದೆ" ಅಂದ. ಪಿತ್ತ ಅಂದೆ. ಜೀರಿಗೆ ಕಷಾಯ ಕಾಯಿಸಿ ಕೊಟ್ಟೆ.

ಒಂದು ಮಧ್ಯಾಹ್ನ ಸಂಗು ಕೂಗಿ, ಮದ್ದು ಬಿಟ್ಟು, ನಾನು ಪಾತ್ರೆ ತೊಳೆಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದರೆ ಮಾವ ಗೋಡೆಗೆ ಕೈ ಕೊಟ್ಟು ನಿಂತಿದ್ದಾನೆ. ಭುಜ ಮೇಲೆ ಕೆಳಗೆ ಆಡುತ್ತಿದೆ, ಮಾತು ಹೊರಡುತ್ತಿಲ್ಲ. ತುಟಿ ನೀಲಿ ತಿರುಗಿತ್ತು. ಪಕ್ಕದ ಮನೆಯ ತಮಿಳಿನವಳು ನನ್ನ ಕೂಗು ಕೇಳಿ ಓಡಿ ಬಂದಳು. ಅವಳ ಗಂಡನೂ ಧೂಳಿನ ಎದೆಯವನೇ, ಹೋಗಿ ಎರಡು ವರ್ಷವಾಗಿತ್ತು.

"ಅಯ್ಯೋ ಅಕ್ಕಾ, ಅಣ್ಣಂಗೆ ಇಷ್ಟು ಜೋರಾ ಯಾವಾಗಿಂದ? ಮುಂಚೆ ಇಂಗಿರ್ಲಿಲ್ಲವೇ!" ಅಂದು ಬೆನ್ನು ಉಜ್ಜಿ, ಕೂರಿಸಿ, ಮುಂದಕ್ಕೆ ಬಗ್ಗಿಸಿದಳು. ಆಮೇಲೆ ನನ್ನ ಕಡೆ ನೋಡಿ, "ನಮ್ಮ ವೀಟುಕಾರರು ಇಂಗಾಗಿ ಆರು ತಿಂಗಳಿದ್ರು" ಅಂದಳು. ವೀಟುಕಾರರು ಅಂದರೆ ಮನೆಯವರು. ಒಳ್ಳೇ ಧೈರ್ಯ ಹೇಳಿದ್ದು.

ಸಾಯಂಕಾಲದ ಹೊತ್ತಿಗೆ ತಹಬಂದಿಗೆ ಬಂತು. ಧೂಳು ಕೊನೆಗೆ ಹೀಗೇ ಮಾಡುವುದು, ಅದರ ಹೊತ್ತು ಬಂತು ಅಂತ ನಾನೂ ಅಂದುಕೊಂಡೆ. ಅಳಲಿಲ್ಲ. ಲೈನಿನಲ್ಲಿ ಎಷ್ಟು ಜನರದ್ದು ನೋಡಿದ್ದೆ.

ಆ ವಾರ ಬೇತಮಂಗಲದಲ್ಲಿ ನನ್ನ ತಮ್ಮನ ಮಗಳಿಗೆ ನಿಶ್ಚಿತಾರ್ಥ. ಹೋಗಲೇಬೇಕು. ಹಸು ತಮಿಳಿನವಳಿಗೆ ಒಪ್ಪಿಸಿ ಬಸ್ಸು ಹತ್ತಿದೆವು. ಅಲ್ಲಿ ಐದು ದಿನ ಇದ್ದೆವು. ಹೋದ ದಿನವೇ ನೆನಪಾಯಿತು, ಬಾಟಲಿ ಗೂಡಿನಲ್ಲೇ ಇದೆ ಅಂತ. ಆಮೇಲೆ ಅದೂ ಮರೆಯಿತು. ಬೇತಮಂಗಲಕ್ಕೆ ಸಂಗು ಕೇಳಿಸುವುದಿಲ್ಲ, ಸಂಗಿಲ್ಲದ ಮೇಲೆ ಮದ್ದಿನ ನೆನಪು ಮಾಡುವವರು ಯಾರು?

ಮೂರನೇ ದಿನ ಮಾವ ನಮ್ಮ ತಮ್ಮನ ಜೊತೆ ಕೆರೆ ಏರಿ ಹತ್ತಿ ಆ ತುದಿಯವರೆಗೆ ನಡೆದು ವಾಪಸ್ ಬಂದ. ಕೂರದೆ ಬಂದ. ಜಗಲಿಯ ಮೇಲೆ ಕಾಲು ಚಾಚಿ,

"ನೋಡ್ದಾ ಲೇ, ಕೆರೆ ಗಾಳಿ! ದಮ್ಮೇ ಇಲ್ಲ. ಕಣ್ಣೂ ಚೆಂದಾಗಿ ಕಾಣ್ತದೆ. ಆ ದಡದಾಗಿರೋ ಮರ ಕಾಣ್ತದೆ, ಬೆಳ್ಳಗೆ ಬೆಳಕು. ನಾವಿಲ್ಲೇ ಬಂದು ಇದ್ದುಬುಡಾಣ" ಅಂದ.

ತಮ್ಮನಿಗೆ ಖುಷಿ. ನಮ್ಮೂರ ನೀರು, ನಮ್ಮೂರ ಗಾಳಿ ಅಂತ ಹಿಗ್ಗಿದ. ಆ ನೀರನ್ನೇ ಕೊಳಾಯಿಯಲ್ಲಿ ಊರಿಗಾಂಗೂ ಬಿಡುತ್ತಾರೆ, ಇಪ್ಪತ್ತೈದು ವರ್ಷದಿಂದ ಅದನ್ನೇ ಕುಡಿಯುತ್ತಿದ್ದೇವೆ ಅಂತ ನಾನಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿಗಾಂಗೆ ಬಂದ ದಿನ ಮಧ್ಯಾಹ್ನ ಸಂಗು ಕೂಗಿತು. ಮುಖ ಮೇಲೆತ್ತಿದ, ತೊಟ್ಟು ಬಿಟ್ಟೆ. ರಾತ್ರಿ ಬಿಟ್ಟೆ, ಬೆಳಿಗ್ಗೆ ಬಿಟ್ಟೆ. ಮಾರನೇ ದಿನ ಮಧ್ಯಾಹ್ನದೊಳಗೆ ಕುಯ್ ಅನ್ನುವ ಸದ್ದು ವಾಪಸ್. ಹಟ್ಟಿಯಲ್ಲಿ ಸಗಣಿ ಬಾಚುತ್ತಾ ಯೋಚನೆ ಮಾಡಿದೆ. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ನಾವು ಏನು ನೋಡುತ್ತೇವೆ? ನಿನ್ನೆ ತಿನ್ನದೆ ಇದ್ದದ್ದನ್ನು ಇವತ್ತು ಏನು ತಿಂತು ಅಂತ ನೋಡುತ್ತೇವೆ. ಬೇತಮಂಗಲದಲ್ಲಿ ಅದೇ ಮುದ್ದೆ, ಅದೇ ಸಾರು, ಅದೇ ನೀರು. ಅಲ್ಲಿ ಇಲ್ಲದ್ದು, ಇಲ್ಲಿ ಇರುವುದು ಒಂದೇ. ಗೂಡಿನಲ್ಲಿರುವ ಆ ಪುಟ್ಟ ಬಾಟಲಿ.

"ಮಾವ, ಇದು ಮದ್ದಿನ ಕೆಲಸ" ಅಂದೆ.

"ನಾನು ಅವತ್ತಿಂದ ಅದೇ ತಾನೆ ಅಂತಿರೋದು! ಎಸಿ ಅದನ್ನ ತಿಪ್ಪೆಗೆ. ಮದ್ದು ಬುಟ್ಟೇಟ್ಗೆ ಕಣ್ಣು ಎಂಗೆ ಕಾಣ್ತು ನಂಗೆ?"

"ಎಸೆದ್ರೆ ಆ ಕಣ್ಣೂ ಓಗ್ತದೆ ಅಂದವ್ಳೆ ಡಾಕ್ಟ್ರಮ್ಮ."

"ಕಣ್ಣು ಓದ್ರೆ ಕುಂತಾದ್ರೂ ಇರ್ತೀನಿ. ಉಸಿರು ಓದ್ರೆ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮದ್ದು ಹಾಕಿದರೆ ಉಸಿರು ಕಟ್ಟುತ್ತದೆ, ಬಿಟ್ಟರೆ ಇರುವ ಒಂದು ಕಣ್ಣು ಹೋಗುತ್ತದೆ. ಎರಡರಲ್ಲಿ ಒಂದು ಆರಿಸುವ ಅಧಿಕಾರ ನನಗೂ ಇಲ್ಲ, ಅವನಿಗೂ ಇಲ್ಲ ಅನ್ನಿಸಿತು. ಆರಿಸುವಷ್ಟು ತಿಳಿದವಳು ಬಂಗಾರಪೇಟೆಯಲ್ಲಿದ್ದಾಳೆ. ಅವಳಿಗೆ ನಾವು ನಿಜ ಹೇಳಿಲ್ಲ.

ಮಾರನೇ ದಿನ ಬೆಳಿಗ್ಗೆ ಸಂಗು ಕೂಗಿದರೂ ಬಾಟಲಿ ತೆಗೆಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡೆ, ಗೂಡಿನಲ್ಲಿ ಇನ್ನೂ ಇಟ್ಟುಕೊಂಡಿದ್ದ ಹಳೇ ಬಾಟಲಿಯನ್ನೂ ಕಟ್ಟಿಕೊಂಡೆ. ಊರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆ ರೈಲು ಹತ್ತಿದೆವು. ಕೆಲಸಕ್ಕೆ ಹೋಗುವವರ ನೂಕುನುಗ್ಗಲು. ಮಾವನಿಗೆ ಒಬ್ಬ ಜಾಗ ಬಿಟ್ಟುಕೊಟ್ಟ. ದಾರಿಯುದ್ದಕ್ಕೂ ಕೆಮ್ಮಿದ, ರೈಲೇ ತಿರುಗಿ ನೋಡುವ ಹಾಗೆ ಕೆಮ್ಮಿದ. ಬಂಗಾರಪೇಟೆಯಲ್ಲಿ ಇಳಿದು, ಪೇಟೆ ದಾಟಿ, ಡಾಕ್ಟರಮ್ಮನ ಮೆಟ್ಟಿಲು ಹತ್ತುವಾಗ ಜೇಬಿಗೆ ಕೈ ಹಾಕಿ ಬಾಯಿಗೆ ಹಾಕಿಕೊಂಡ. ಕೆಮ್ಮು ನಿಂತಿತು.

ಡಾಕ್ಟರಮ್ಮ ಮಿಷನ್ನಿಗೆ ಗದ್ದ ಇಡಿಸಿ ನೋಡಿದಳು. ಮುಖ ಗಂಟಿಕ್ಕಿದಳು.

"ಮದ್ದು ಸರಿಯಾಗಿ ಹಾಕ್ತಾ ಇದ್ದೀರಾ?"

"ನಡುವೆ ಐದು ದಿನ ಬಿಟ್ಟೋಗಿತ್ತು" ಅಂದೆ.

"ಬುಟ್ಟಾಗ ಬಾಳ ಚೆಂದಾಗಿ ಕಾಣ್ತು ತಾಯಿ" ಅಂತ ಮಾವ ನಡುವೆ ಬಾಯಿ ಹಾಕಿದ.

"ಪಾಪೆ ದೊಡ್ಡದಾಯ್ತು, ಬೆಳಕು ಜಾಸ್ತಿ ಬಂತು, ಅದಕ್ಕೆ ಕಾಣ್ತು ಯಜಮಾನ್ರೇ. ಒಳಗೆ ಪ್ರೆಷರ್ ಏರ್ತಾ ಇರುತ್ತೆ. ಅದು ನೋಯಲ್ಲ, ಗೊತ್ತೇ ಆಗಲ್ಲ. ಎಡಗಣ್ಣು ಹೋಗಿದ್ದು ಗೊತ್ತಾಯ್ತಾ ನಿಮಗೆ?"

ಮಾವ ಎಡಗಣ್ಣನ್ನು ಅಂಗೈಯಲ್ಲಿ ಒರೆಸಿಕೊಂಡ.

"ಯಾಕೆ ಬಿಟ್ರಿ? ಏನಾದ್ರೂ ತೊಂದರೆ ಆಯ್ತಾ?"

"ಇಲ್ಲ" ಅಂದ ಮಾವ. ಆ ಇಲ್ಲ ಎಷ್ಟು ಸಲೀಸಾಗಿ ಬಂತು ಅಂದರೆ, ನಾನು ಅವತ್ತು ಅವನ ಪಕ್ಕದಲ್ಲಿ ಇಲ್ಲದಿದ್ದರೆ ಅದೇ ಮದ್ದು ಇನ್ನೊಂದು ತಿಂಗಳಿಗೆ ಬರೆಯಿಸಿಕೊಂಡು ಬರುತ್ತಿದ್ದ.

ನಾನು ಎದ್ದು ಅವನ ಬಾಯಿಗೆ ಕೈ ಒಡ್ಡಿದೆ. "ಉಗಿ ಮಾವ."

"ಏನ್ಲೇ ಇದು, ಇಲ್ಲಿ—"

"ಉಗಿ ಅಂದೆ. ನಾಲಗೆ ಕೆಳಗಿರೋದು ಉಗಿ. ಇದೇನು ಗಣಿ ಮೆಡಿಕಲ್ಲಾ? ಈವಮ್ಮ ನಿನ್ನ ಕೆಲಸದಿಂದ ತೆಗೀತಾಳಾ? ತೆಗೆಯಾಕೆ ಏನೈತೆ ನಿನ್ತಾವ, ಎರಡು ಹಸ?"

ಡಾಕ್ಟರಮ್ಮ ಏನೂ ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮಾವ ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನನ್ನ ಅಂಗೈಗೆ ಉಗಿದ. ಅರ್ಧ ಜಗಿದ ಲವಂಗ.

"ಈಗ ಕೆಮ್ಮು" ಅಂದೆ.

ಹೇಳಬೇಕಾಗಿರಲಿಲ್ಲ. ಕಟ್ಟಿ ಇಟ್ಟದ್ದೆಲ್ಲ ಒಟ್ಟಿಗೆ ಬಂತು. ಮೇಜು ಹಿಡಿದುಕೊಂಡು, ಬಗ್ಗಿ, ಮುಖ ಕೆಂಪಾಗಿ ಕೆಮ್ಮಿದ. ಕೆಮ್ಮಿನ ನಡುವೆ ಆ ಕುಯ್ ಸದ್ದು. ಹೊರಗೆ ಕೂತವರು ಬಾಗಿಲಲ್ಲಿ ಇಣುಕಿದರು. ಡಾಕ್ಟರಮ್ಮ ಎದ್ದು ಬಂದು ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಿಂತಳು. ಕೆಮ್ಮು ಮುಗಿಯುವ ತನಕ ಕೈ ಬಿಡಲಿಲ್ಲ.

"ಎಷ್ಟು ವರ್ಷದಿಂದ?" ಅಂತ ಆಮೇಲೆ ಕೇಳಿದಳು.

"ಇಪ್ಪತ್ತು, ಇಪ್ಪತ್ತೈದು" ಅಂದೆ. "ಗಣಿ ಧೂಳು."

"ನಾನು ಕೇಳಿದ್ದೆ ಅಲ್ವಾ ಅಮ್ಮ?"

"ನೀನು ಕೇಳಿದ್ದೆ ತಾಯಿ. ನಾವೇ ಸುಳ್ಳು ಅಂದ್ವಿ. ಇನ್ನೊಂದೈತೆ, ಅದೂ ಕೇಳು. ನೀನು ಎರಡು ಸಲ ಅಂದಿದ್ದೆ, ನಾನು ಮೂರು ಸಲ ಬುಡ್ತಿದ್ದೆ. ಸಂಗು ಮೂರು ಸಲ ಕೂಗ್ತದೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿಗೆ ಹೋಗಿ ಕೂತು, ಒಂದು ಕಾಗದದ ಮೇಲೆ ಕಣ್ಣು, ಮೂಗು, ಗಂಟಲು ಗೀರಿ ತೋರಿಸಿದಳು. ಕಣ್ಣಿಗೆ ಬಿಟ್ಟ ತೊಟ್ಟು ಕಣ್ಣಿನಲ್ಲೇ ಇರುವುದಿಲ್ಲವಂತೆ. ಮೂಗಿನ ಕಡೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿದೆ, ಅದರಿಂದ ಮೂಗಿಗೆ, ಗಂಟಲಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ಗಂಟಲು ಕಹಿಯಾಗಿದ್ದು ಪಿತ್ತಕ್ಕಲ್ಲ. ಆ ಸೇರಿಸಿದ ಬಾಟಲಿಯಲ್ಲಿರುವ ಎರಡನೇ ಮದ್ದು ಎದೆ ಗಟ್ಟಿ ಇರುವವರಿಗೆ ಏನೂ ಮಾಡದೆ ಇರಬಹುದು. ದಮ್ಮಿನವರಿಗೆ ಉಸಿರಿನ ದಾರಿ ಬಿಗಿಯುತ್ತದೆ, ನಾಡಿ ನಿಧಾನ ಮಾಡುತ್ತದೆ. ಮಾವನ ನಾಡಿ ಆಗಲೇ ನಿಧಾನವಾಗಿತ್ತು.

"ನೀವು ನಿಜ ಹೇಳಿದ್ರೆ ಇದನ್ನ ಬರೀತಾನೇ ಇರಲಿಲ್ಲ" ಅಂದಳು.

"ಗೊತ್ತಾಯ್ತು" ಅಂದೆ.

"ಹಾಗಂತ ಎಲ್ಲಾ ಮದ್ದೂ ಬಿಟ್ಟು ಕೂತಿದ್ರೆ ಈ ಕಣ್ಣೂ ಹೋಗ್ತಿತ್ತು. ತೊಂದರೆ ಆದ್ರೆ ಬಂದು ಹೇಳಬೇಕು. ನೀವೇ ನಿಲ್ಲಿಸೋದೂ ತಪ್ಪು, ನೀವೇ ಜಾಸ್ತಿ ಮಾಡೋದೂ ತಪ್ಪು."

ಸೆರಗು ಬಿಚ್ಚಿ ಎರಡೂ ಬಾಟಲಿ ಮೇಜಿನ ಮೇಲಿಟ್ಟೆ. ಸೇರಿಸಿದ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದಳು. ಹಳೆಯದನ್ನು ಬೆಳಕಿಗೆ ಹಿಡಿದು, "ಯಾವಾಗ ತೆರೆದಿದ್ದು?" ಅಂದಳು. ನೆನಪಿಲ್ಲ ಅಂದೆ. ಅದೂ ಡಬ್ಬಿಗೆ ಹೋಯಿತು. ತೆರೆದ ಬಾಟಲಿ ಒಂದು ತಿಂಗಳು, ಆಮೇಲೆ ಇಡಬಾರದು ಅಂದಳು. ಮೊದಲಿನ ಮದ್ದನ್ನೇ ಹೊಸದಾಗಿ ಬರೆದಳು, ದಿನಕ್ಕೆ ಮೂರು ಸಲ, ಜೊತೆಗೆ ಸ್ವಲ್ಪ ದಿನಕ್ಕೆ ಮಾತ್ರೆ. ಬೆಂಗಳೂರಿನ ಕಣ್ಣಾಸ್ಪತ್ರೆಗೆ ಒಂದು ಚೀಟಿ, ಬಲಗಣ್ಣಿಗೆ ಆಪರೇಷನ್ ಮಾಡಿಸಬೇಕು ಅಂತ. ಎದೆ ನೋಡುವ ಡಾಕ್ಟರಿಗೆ ಇನ್ನೊಂದು ಚೀಟಿ. ಆ ಚೀಟಿಯನ್ನು ಮಾತ್ರ ನಾನೇ ಇಟ್ಟುಕೊಂಡೆ. ಮಾವನ ಕೈಗೆ ಕೊಟ್ಟರೆ ರೈಲಿನ ಕಿಟಕಿಯಿಂದ ಹಾರುತ್ತಿತ್ತು. ಅವತ್ತೇ ಎದೆ ಡಾಕ್ಟರಿಗೂ ತೋರಿಸಿ ಬಂದೆವು.

ಮನೆಗೆ ಬಂದು ಅವನ ಅಂಗಿ ಜೇಬು ಬಗ್ಗಿಸಿದೆ. ಏಳೆಂಟು ಲವಂಗ ಇದ್ದವು. ಭಾನುವಾರ ಅನ್ನಕ್ಕೆ ಹಾಕಿದೆ.

ವಾರದೊಳಗೆ ಕುಯ್ ಸದ್ದು ನಿಂತಿತು. ಕೆಮ್ಮು ನಿಲ್ಲಲಿಲ್ಲ, ಅದು ಧೂಳಿನದು, ನಿಲ್ಲುವಂಥದ್ದಲ್ಲ. ಮತ್ತೆ ಹಸು ಹೊಡೆದುಕೊಂಡು ದಿಬ್ಬದ ತನಕ ಹೋಗಿ ಬಂದ. ತಮಿಳಿನವಳು ನೋಡಿ, "ಅಣ್ಣ ಇನ್ನೂ ಇದ್ದಾರಾ!" ಅಂದಳು. ಖುಷಿಯಿಂದಲೇ ಅಂದಿದ್ದು. ಎರಡು ತಿಂಗಳು ಕಳೆದು ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿ ಒಬ್ಬ ಹುಡುಗ ಡಾಕ್ಟರು ಬಂದು ಕಾಯಿಲೆ ಏನೇನಿದೆ ಅಂತ ಕೇಳಿ ಮುಗಿಸುವುದರೊಳಗೆ ಮಾವ, "ದಮ್ಮು, ಕೆಮ್ಮು, ಗಣಿ ಧೂಳು, ಆ ಸೇರ್ಸಿದ ಮದ್ದು ನಂಗೆ ಆಗಾಕಿಲ್ಲ" ಅಂತ ಗಿಣಿಪಾಠ ಒಪ್ಪಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಆಯ್ತಾ?" ಅಂದ.

ಎಡಗಣ್ಣು ಹೋದದ್ದು ಹೋಯಿತು. ಬಲಗಣ್ಣು ಎಷ್ಟಿತ್ತೋ ಅಷ್ಟು ನಿಂತಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಪರೇಷನ್ ಆದ ಮೇಲೆ ಬಂಗಾರಪೇಟೆಯಲ್ಲಿ ತೋರಿಸಲು ಹೋದಾಗ ಡಾಕ್ಟರಮ್ಮ ಸುಮ್ಮನೆ ಮಾತಿಗೆ, "ಇವರ ಕಡೆ ರಕ್ತಸಂಬಂಧಿಗಳು ಯಾರ್ಯಾರಿದ್ದೀರಿ? ಎಲ್ಲರೂ ನೋಡಿಸ್ಕೋಬೇಕು" ಅಂದಳು.

"ನಾನೇ ಇದ್ದೀನಲ್ಲ" ಅಂದೆ.

"ನೀವು ಹೆಂಡತಿ ಅಲ್ವಾ ಅಮ್ಮ?"

"ಅಕ್ಕನ ಮಗಳೂ ಹೌದು."

ಅವಳು ಮಿಷನ್ನಿನ ಕಡೆ ಕೈ ತೋರಿಸಿದಳು. ಗದ್ದ ಇಟ್ಟೆ. ನನಗೂ ಇತ್ತು. ಶುರು ಅಷ್ಟೇ, ಅಂಚಿನಲ್ಲಿ ಸ್ವಲ್ಪ. ಮಗಳನ್ನು ಅದೇ ವಾರ ಕರೆದುಕೊಂಡು ಹೋಗಿ ತೋರಿಸಿದೆ, ಅವಳಿಗೆ ಸದ್ಯಕ್ಕೆ ಇಲ್ಲ, ವರ್ಷಕ್ಕೊಮ್ಮೆ ನೋಡಿಸಬೇಕು ಅಂದರು.

ನನಗೆ ಮೊದಲು ಒಂದೇ ಮದ್ದು, ಆಮೇಲೆ ಸಾಲದೆ ಎರಡು ಸೇರಿಸಿದ ಬಾಟಲಿಗೇ ಬಂತು. ಬರೆಯುವ ಮುಂಚೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದಳು, "ನಿಮಗೆ ದಮ್ಮು, ಉಬ್ಬಸ ಏನಾದ್ರೂ ಇದೆಯಾ ಅಮ್ಮ? ನಿಜ ಹೇಳಬೇಕು."

ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಮಾವ, "ಇವ್ಳಿಗಾ? ಒಂದೇ ಉಸಿರ್ಗೆ ಕಾಲು ಗಂಟೆ ಬೈತಾಳೆ ತಾಯಿ. ಇವ್ಳ ಎದೆಗೇನೂ ಆಗಿಲ್ಲ, ಧೈರ್ಯವಾಗಿ ಬರಿ" ಅಂದ.

ಡಾಕ್ಟರಮ್ಮ ನಕ್ಕಳು. ನಗುತ್ತಲೇ ನನ್ನ ನಾಡಿ ಹಿಡಿದು ನೋಡಿದಳು. ಎದೆಗೆ ಸ್ಟೆತಸ್ಕೋಪು ಇಟ್ಟು ಉಸಿರು ಎಳೆಸಿ ಬಿಡಿಸಿದಳು. ಮಾತು ನಂಬಿ ಒಮ್ಮೆ ಕೆಟ್ಟಿದ್ದಳಲ್ಲ.

"ಹಸು ದಿನಕ್ಕೆ ಎಷ್ಟು ಸಲ ಕರೀತೀರಿ?" ಅಂತ ಕೇಳಿದಳು.

"ಎರಡು ಸಲ. ಬೆಳಿಗ್ಗೆ, ಸಾಯಂಕಾಲ."

"ಹಾಲು ಕರೆದು, ಕೈ ಸೋಪು ಹಾಕಿ ತೊಳೆದು, ಆಗ ಹಾಕಿ. ಸಂಗು ಮರೆತುಬಿಡಿ."

ಅಷ್ಟೇ ಇದ್ದದ್ದು. ಮನೆಯ ಹಿಂದೆಯೇ ದಿನಕ್ಕೆ ಎರಡು ಸಲ ಅಂಬಾ ಅನ್ನುವ ಹಸು ಎರಡು ಇದ್ದವು, ನಾನು ಗಣಿಯ ಸಂಗು ನಂಬಿಕೊಂಡು ಕೂತಿದ್ದೆ.

ಈ ಬಾಟಲಿಯನ್ನು ಹಾಕಿಕೊಳ್ಳುವ ರೀತಿ ಅವಳೇ ಕೈ ಹಿಡಿದು ಕಲಿಸಿದಳು. ಕೆಳರೆಪ್ಪೆ ಜಗ್ಗಿ ಒಂದು ತೊಟ್ಟು, ಬಾಟಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು, ತೊಟ್ಟು ಗಂಟಲಿಗೆ ಇಳಿಯದ ಹಾಗೆ. ಎರಡು ನಿಮಿಷ ಬಿಡಬಾರದು.

ಆ ಎರಡು ನಿಮಿಷ ಕಣ್ಣು ಮುಚ್ಚಿಕೊಂಡು ಕೂರುವುದು ನನಗೆ ಆಗದ ಕೆಲಸ. ಹಾಲು ಹಾಗೇ ಇರುತ್ತದೆ, ಕರು ಹಗ್ಗ ಜಗ್ಗುತ್ತಿರುತ್ತದೆ. ಆಯಿತೋ ಇಲ್ಲವೋ ಅಂತ ಬೆರಳು ತೆಗೆಯಲು ಹೋದರೆ, ಎದುರಿಗೆ ಕೂತ ಮಾವ ಕೆಮ್ಮುತ್ತಾ, ಬಲಗಣ್ಣನ್ನು ಗೋಡೆಯ ಗಡಿಯಾರಕ್ಕೆ ನೆಟ್ಟು,

"ಒತ್ತು, ಒತ್ತು. ಇನ್ನೂ ಅರ್ಧ ನಿಮಿಷ ಐತೆ. ನಂಗೆ ಮುಳ್ಳು ಕಾಣ್ತದೆ" ಅನ್ನುತ್ತಿದ್ದ.